ಬದನೆಕಾಯಿಯ ಮೇಲಿನ ಆಪಾದನೆ

ಅರವತ್ತರ ದಶಕದಲ್ಲಿ ನಾನು ಹಾಸನ ಸೀಮೆಯ ಒಂದು ಸಣ್ಣ ಖಾಸಗಿ ಆಸ್ಪತ್ರೆಯಲ್ಲಿ ಕಿರಿಯ ಸರ್ಜನ್ ಆಗಿದ್ದೆ. ನಮ್ಮ ದೊಡ್ಡ ಡಾಕ್ಟರು ಶನಿವಾರ ಮಧ್ಯಾಹ್ನ ಎಲ್ಲರನ್ನೂ ಕೂರಿಸಿಕೊಂಡು, ಯಾರ ಗಾಯ ಕೀವಾಯಿತು, ಯಾಕಾಯಿತು ಎಂದು ವಿಚಾರಣೆ ನಡೆಸುತ್ತಿದ್ದರು. ತಪ್ಪಿನಿಂದ ಕಲಿಯಬೇಕು ಎನ್ನುವುದು ಅವರ ಹಟ. ಆದರೆ ಕಾಫಿ ಬರುವಷ್ಟರಲ್ಲಿ ತಪ್ಪಿತಸ್ಥ ಸಿಕ್ಕಿಬಿಡುತ್ತಿತ್ತು: ಬದನೆಕಾಯಿ. ಅದು ನಂಜು, ತಿಂದರೆ ಗಾಯ ಕೀವಾಗುತ್ತದೆ ಎಂದು ನಮ್ಮ ಕಡೆ ಎಲ್ಲರೂ ನಂಬುವವರೇ. ಡಾಕ್ಟರಿಕೆ ಓದಿದ ಮಾತ್ರಕ್ಕೆ ಅದು ನಮ್ಮ ತಲೆಯಿಂದ ಹೋಗಿರಲಿಲ್ಲ.

ಒಂದು ಸಲ ಸಿಕ್ಕಿಬಿದ್ದವಳು ಕೊಣನೂರು ಕಡೆಯ ಹೆಂಗಸು. ದೊಡ್ಡ ಡಾಕ್ಟರೇ ಮಾಡಿದ್ದ ಅವಳ ಗಂಡನ ಹರ್ನಿಯಾ ಆಪರೇಷನ್ನಿನ ಗಾಯ ಕೀವಾಗಿತ್ತು. ಬದನೆಕಾಯಿ ಮುಟ್ಟೇ ಇಲ್ಲ ಎಂದು ಅವಳು ಎಷ್ಟು ಹೇಳಿದರೂ ನಾವು ಪಥ್ಯದ ಉಪದೇಶ ಮಾಡಿ ವಾರ್ಡಿಗೆ ಕಳಿಸಿದೆವು. ಅದನ್ನು ಕೇಳಿಸಿಕೊಂಡ ಅತ್ತೆ ಸೌಟು ಕಿತ್ತುಕೊಂಡಳು. ರೋಗಿಗಳ ಮನೆಯವರು ಅಡುಗೆ ಮಾಡಿಕೊಳ್ಳುತ್ತಿದ್ದ ಆಸ್ಪತ್ರೆಯ ಹಿಂದಿನ ಒಲೆಯ ಹತ್ತಿರಕ್ಕೂ ಸೊಸೆಯನ್ನು ಬಿಡದೆ, ಗಂಡನನ್ನು ಕೊಲ್ಲಲು ಹೊರಟವಳು ಎಂದು ವಾರ್ಡಿಗೆಲ್ಲ ಸಾರಿದಳು. ಸೊಸೆ ಹಿತ್ತಲ ಜಗಲಿಯ ಕಂಬಕ್ಕೊರಗಿ ಅಳುತ್ತಿದ್ದಳು. ನೋಡಿ ನನಗೆ ಸಂಕಟವಾಯಿತು.

ಅಷ್ಟರಲ್ಲಿ ದೊಡ್ಡ ಡಾಕ್ಟರಿಗೇ ಹರ್ನಿಯಾ ಆಪರೇಷನ್ ಆಗಬೇಕಾಯಿತು. ಮಾಡುವವನು ನಾನು. ಬೆನ್ನಿಗೆ ಇಂಜೆಕ್ಷನ್ ಕೊಟ್ಟಿದ್ದರಿಂದ ಅವರಿಗೆ ಎಚ್ಚರವಿತ್ತು. ಅಡ್ಡ ಪರದೆ ಬೇಡ, ನಾನೇ ನೋಡಬೇಕು ಎಂದು ಗದರಿದರು. ಮೊದಲಿಂದ ಕೊನೆಯವರೆಗೂ ನೋಡಿ ಭೇಷ್ ಅಂದರು. ಕೆಲವೇ ದಿನಗಳಲ್ಲಿ ಆ ಭೇಷಾದ ಗಾಯವೂ ಕೀವು ತುಂಬಿಕೊಂಡಿತು.

ಶನಿವಾರದ ಸಭೆ ಅವರ ಮಂಚದ ಸುತ್ತ ಸೇರಿತು. ಅಭ್ಯಾಸಬಲದಿಂದ ಒಬ್ಬರು ಅವರ ಹೆಂಡತಿಯನ್ನು ಬದನೆಕಾಯಿ ವಿಚಾರ ಕೇಳಿಯೇಬಿಟ್ಟರು. ರವೆಗಂಜಿ ಬಿಟ್ಟು ಬೇರೇನೂ ಕೊಟ್ಟಿಲ್ಲ, ಅನುಮಾನವಿದ್ದರೆ ನಾಳೆಯಿಂದ ನೀವೇ ಬೇಯಿಸಿ ಹಾಕಿ ಎಂದು ಆಕೆ ಎದ್ದು ಹೋದರು. ಡಾಕ್ಟರು ಗಂಜಿಯ ಚಮಚ ಒರೆಸಿ ನನ್ನ ಕೈಗೆ ಕೊಟ್ಟರು. ಇದೇ ಚಾಕು ಅಂದುಕೊಂಡು ಅವತ್ತು ಮಾಡಿದ್ದನ್ನೆಲ್ಲ ಮಾಡಿ ತೋರಿಸು ಎಂದರು.

ನಾನು ಗಾಳಿಯಲ್ಲೇ ಕೈ ತೊಳೆದೆ, ಗಾಳಿಯಲ್ಲೇ ಗ್ಲೌಸ್ ತೊಟ್ಟೆ, ಚಮಚ ತೆಗೆದುಕೊಂಡು ಕಣ್ಣಿಗೂ ಹಣೆಗೂ ಒತ್ತಿಕೊಂಡು ಅವರ ಹೊಟ್ಟೆಯತ್ತ ಬಾಗಿದೆ.

“ನಿಲ್ಸಯ್ಯಾ,” ಎಂದರು. ಚಮಚ ಕಿತ್ತುಕೊಂಡು ನೋಡಿದರು. ತುದಿಯಲ್ಲಿ ನನ್ನ ಹಣೆಯ ವಿಭೂತಿ ಬೆಳ್ಳಗೆ ಅಂಟಿತ್ತು. “ಕುದಿಸಿದ ಚಾಕುನ ಹಣೆಗೆ ಒತ್ಕೊಳ್ಳೋದು ಯಾರು ಕಲಿಸಿದ್ರು ನಿಂಗೆ?”

ನಾವೆಲ್ಲ ಅವರ ಹಣೆಯನ್ನೇ ನೋಡಿದೆವು. ಕಾಯಿಲೆಯಲ್ಲೂ ಅಲ್ಲಿ ವಿಭೂತಿಯ ಮೂರು ಗೆರೆ ತಪ್ಪಿರಲಿಲ್ಲ. ರೈತ ನೇಗಿಲಿಗೆ ಕೈಮುಗಿಯುವ ಹಾಗೆ, ಪ್ರತಿ ಆಪರೇಷನ್ನಿಗೂ ಮುಂಚೆ ಚಾಕುವನ್ನು ಕಣ್ಣಿಗೂ ಹಣೆಗೂ ಒತ್ತಿಕೊಳ್ಳುತ್ತಿದ್ದವರು ಅವರೇ. ಅವರನ್ನು ನೋಡಿ ನಾವು.

ಅವರಿಗೆ ನಗು ಬಂತು. ನಕ್ಕರೆ ಹೊಲಿಗೆ ಎಳೆಯುತ್ತಿತ್ತು, ಬೈದುಕೊಂಡೇ ನಕ್ಕರು. ಇನ್ನು ಮೇಲೆ ಚಾಕುವಿಗೆ ದೂರದಿಂದಲೇ ನಮಸ್ಕಾರ, ಶನಿವಾರ ಮೊದಲು ನಮ್ಮ ಕೈಗಳ ವಿಚಾರಣೆ, ಅಡುಗೆಮನೆಯದು ಆಮೇಲೆ ಎಂದು ತೀರ್ಪಾಯಿತು. ಆಗ ಅವರಿಗೆ, ಗಂಡನ ಗಾಯ ಮಾಯದೆ ಇನ್ನೂ ಅಲ್ಲೇ ಇದ್ದ ಜಗಲಿಯ ಹೆಂಗಸು ನೆನಪಾದಳು. ನಗು ನಿಂತುಹೋಯಿತು.

ಹೊಟ್ಟೆ ಹಿಡಿದುಕೊಂಡು, ನನ್ನ ಹೆಗಲ ಮೇಲೆ ಭಾರ ಹಾಕಿ, ಅವಳ ಮುಂದೆ ಹೋಗಿ ನಿಂತರು. “ತಪ್ಪು ನಮ್ದಮ್ಮ. ನಿನ್ನ ಅಡುಗೇದಲ್ಲ.”

ಅವಳು ಸೆರಗಿನಲ್ಲಿ ಕಣ್ಣೊರೆಸಿಕೊಂಡು ಎದ್ದಳು. ಒಲೆಯ ಮುಂದೆ ಸೌಟು ಹಿಡಿದು ಕೂತಿದ್ದ ಅತ್ತೆಯತ್ತ ಕೈ ತೋರಿಸಿದಳು.

“ನಂಗದು ಗೊತ್ತಿತ್ತು ಸಾ. ಅಲ್ಲೋಗಿ ನಮ್ಮತ್ತೆಗೇಳಿ.”