ಹಳೇ ಮಷಿನ್ ಅಲ್ಲಾಡಂಗಿಲ್ಲ

ಹುನಗುಂದದ ಸುನಂದಾ ಬಗ್ಗುವ ಹೆಣ್ಣಲ್ಲ. ಡಿಪ್ಲೊಮಾ ಮುಗಿಸಿ ಬಾಗಲಕೋಟೆಯ ಒಂದು ಖಾಸಗಿ ದವಾಖಾನೆಗೆ ಸೇರಿದ ಮೊದಲ ವಾರವೇ, ಚಹಾ ತಾ ಎಂದ ಡಾಕ್ಟರಿಗೆ "ನಾ ಬಂದಿದ್ದು ಕಂಪ್ಯೂಟರ್ ನೋಡಾಕ್ರಿ" ಎಂದವಳು. ನಿನ್ನ ಬಾಯಿಗೆ ಬೀಗ ಇಲ್ಲವೇ ಎಂದು ಅವಳ ಅವ್ವ ಈಗಲೂ ಬೈಯುತ್ತಾಳೆ. ಇಲ್ಲ, ಏನೀಗ?

ಹೋದ ಶುಕ್ರವಾರ ದವಾಖಾನೆಯ ಮೇಲ್ ಸರ್ವರ್ ಬದಲಾಯಿತು. ಇಮೇಲ್‌ಗಳೆಲ್ಲ ಹಳೆಯ ಯಂತ್ರ ಬಿಟ್ಟು ಹೊಸದಕ್ಕೆ ಬರಬೇಕು. ಸಂಜೆಯ ತನಕ ಹಿಡಿಯುವ ಕೆಲಸ. ಆದರೆ ಆಡಳಿತಾಧಿಕಾರಿ ಸತ್ಯಬೋಧರಿಗೆ ಹತ್ತೂವರೆಯ ರಾಹುಕಾಲದ ಭಯ. ಅದಕ್ಕೂ ಮೊದಲೇ ಕಾಯಿ ಒಡೆಸಿ, ಪೇಢೆ ಹಂಚಿ ಹೊಸದನ್ನು ಅವಸರದಲ್ಲೇ ಶುರು ಮಾಡಿಸಿದರು. ಸುನಂದಾ ತನ್ನ ಟೇಬಲ್ಲಿನಿಂದ ಪಕ್ಕದ ಟೇಬಲ್ಲಿಗೊಂದು ಮೇಲ್ ಕಳಿಸಿ ನೋಡಿದಳು. ಥಟ್ಟನೆ ಬಂತು. ಎಲ್ಲ ಸರಿ ಇದೆ ಎಂದುಬಿಟ್ಟಳು.

ಸೋಮವಾರ ಶಿರೂರಿನ ಸಿದ್ದಲಿಂಗವ್ವ ಬಂದಳು. ಅವಳ ಎದೆಯ ಗಂಟಿನ ತುಣುಕು ಪರೀಕ್ಷೆಗೆಂದು ಹೊರಗಿನ ಲ್ಯಾಬಿಗೆ ಹೋಗಿತ್ತು. ವರದಿ ಮೇಲ್‌ನಲ್ಲಿ ಬರಬೇಕು, ಬರದೆ ಚಿಕಿತ್ಸೆ ಇಲ್ಲ.

"ಬಂದಿಲ್ಲ. ಮುಂದಿನ ವಾರ ಬಾರವಾ," ಎಂದರು ಸತ್ಯಬೋಧ.

"ಮಗಳು ಲ್ಯಾಬಿಗೆ ಫೋನ್ ಹಚ್ಚಿದ್ಲರಿ. ಶುಕ್ರವಾರ ಮಧ್ಯಾಹ್ನನ ಕಳ್ಸೇವಿ ಅಂದ್ರಂತ. ಸಿಗೂತನಕಾ ನಾ ಏಳಂಗಿಲ್ಲ," ಎಂದು ಆಕೆ ಬೆಂಚಿನ ಮೇಲೆ ಕೂತೇಬಿಟ್ಟಳು.

ಕೇಳಿಸಿಕೊಂಡ ಸುನಂದಾ ಕೈಯಲ್ಲಿದ್ದ ಕೆಲಸ ಬಿಟ್ಟು ಎದ್ದಳು. ಥೂ, ಒಳಗಿನಿಂದ ಒಳಗೇ ಕಳಿಸಿದರೆ ಹೊರಗಿನದರ ಗತಿ ತಿಳಿಯುವುದು ಹೇಗೆ! ತನ್ನ ಮೊಬೈಲಿನಿಂದ ದವಾಖಾನೆಗೊಂದು ಮೇಲ್ ಕಳಿಸಿದಳು. ಕಾದಳು. ಬರಲಿಲ್ಲ.

ಅಷ್ಟರಲ್ಲಿ ಹಳೆಯ ಯಂತ್ರ ಒಯ್ಯಲು ಗುಜರಿಯ ಫಾರೂಕ ಹಗ್ಗ ಹಿಡಿದು ಬಂದ. ಸುನಂದಾ ಬಾಗಿಲಿಗೆ ಅಡ್ಡ ನಿಂತಳು.

"ದಾರಿ ಬಿಡ್ರಿ," ಎಂದರು ಸತ್ಯಬೋಧ. "ಎಲ್ಲಾ ಸರಿ ಅದ ಅಂತ ನೀವೇ ಹೇಳೀರಿ."

"ಹೇಳಿದ್ದೆ, ತಪ್ಪಾತು. ಹೊರಗಿಂದು ಒಂದೂ ಮೇಲ್ ಬರವಲ್ದು. ಈ ಮಷಿನ್ ಇಲ್ಲಿಂದ ಅಲ್ಲಾಡಂಗಿಲ್ಲ."

"ನೌಕರಿ ಬ್ಯಾಡೇನು?"

"ನೌಕರಿ ನಿಮ್ದು, ಇಟ್ಕೋರಿ. ಆ ಅವ್ವನ ವರದಿ ನಿಮ್ದಲ್ಲ!"

ಫಾರೂಕ ಹಗ್ಗ ಕೆಳಗಿಟ್ಟು, "ನನಗೇನ್ ಅವಸರಿಲ್ರಿ ಅಕ್ಕಾರ," ಎಂದ.

ಇನ್ನೂ ಚಾಲೂ ಇದ್ದ ಹಳೆಯ ಯಂತ್ರವನ್ನು ಸುನಂದಾ ತೆರೆದು ನೋಡಿದರೆ, ಅಯ್ಯೋ ಶಿವನೇ! ಹೊರಗಿನ ಮೇಲ್‌ಗಳು ಇನ್ನೂ ಹಳೆಯ ದಾರಿಯಲ್ಲೇ ಬಂದು ಅಲ್ಲಿ ಸಾಲುಗಟ್ಟಿದ್ದವು. ಹಳೆಯದು ಅವನ್ನು ದಾಟಿಸಲು ನೋಡಿದಾಗಲೆಲ್ಲ, ಗುರುತಿಲ್ಲದವನೆಂದು ಹೊಸದು ತಳ್ಳಿಬಿಡುತ್ತಿತ್ತು. ಹೊಸದಕ್ಕೆ ಹಳೆಯದರ ಗುರುತು ಹೇಳಿಕೊಡುವ ಕೆಲಸ ಕಾಯಿ ಒಡೆಯುವ ಗಡಿಬಿಡಿಯಲ್ಲಿ ಸುನಂದಾಳಿಂದಲೇ ತಪ್ಪಿಹೋಗಿತ್ತು. ತನ್ನನ್ನೇ ಬೈದುಕೊಳ್ಳುತ್ತ ಅದನ್ನು ಸರಿಮಾಡಿ, ಸಾಲನ್ನು ಮತ್ತೆ ಹೊರಡಿಸಿದಳು. ಮೇಲ್‌ಗಳು ಒಂದರ ಹಿಂದೊಂದು ಬಂದವು. ಸಿದ್ದಲಿಂಗವ್ವನದೂ ಬಂತು.

ಡಾಕ್ಟರು ಓದಿದರು. "ಕ್ಯಾನ್ಸರ್ ಐತವಾ. ಭಾಳ ಜೋರ ಬೆಳಿಯೂ ನಮೂನಿ. ಇವತ್ತ ಅಡ್ಮಿಟ್ ಆಗು, ವಾಸಿ ಆಗ್ತದ. ತಡಾ ಮಾಡಿದ್ರ ನಾ ಏನೂ ಹೇಳಾಕಾಗೂದಿಲ್ಲ."

ಸಿದ್ದಲಿಂಗವ್ವ ಸೆರಗು ಸರಿಮಾಡಿಕೊಂಡು ಎದ್ದು, ಸತ್ಯಬೋಧರ ಎದುರು ನಿಂತಳು.

"ಮುಂದಿನ ವಾರ ಬಾ ಅಂದ್ರಲ್ರಿ ಸಾಹೇಬ್ರ. ನಾ ಹೋಗಿದ್ರ?"