ಸಕ್ಕರೆ ಹಾಕದ ಕಾಫಿಗಳು

ಸಂಕ್ರಾಂತಿಯ ಮರುದಿನ, ಬೆಳಿಗ್ಗೆ ಆರು ಗಂಟೆ. ಅಕ್ಕಿಆಲೂರಿನಲ್ಲಿ ಅಕ್ಕನ ಮನೆಯ ಅಡುಗೆಮನೆ. ಇದ್ದವರು ನಾನು, ಅಕ್ಕ, ಅಕ್ಕನ ಮಗ. ಅವನ ಮಗಳ ಮದುವೆಯ ಪತ್ರಿಕೆ ಕೊಡಲು ಹೊರಟಿದ್ದೆವು. ಅಂದು ಹಾನಗಲ್ಲು, ಶಿಗ್ಗಾಂವಿ, ಸವಣೂರು ಕಡೆಯ ಮನೆಗಳು, ಮರುದಿನ ಹಿರೇಕೆರೂರು ಎಂದು ನಾನೇ ಗೊತ್ತುಮಾಡಿದ್ದೆ. ಹೆಣ್ಣುಮಕ್ಕಳ ವಸತಿನಿಲಯದಲ್ಲಿ ಮೇಲ್ವಿಚಾರಕಿಯಾಗಿ ನಿವೃತ್ತಳಾದವಳು ನಾನು. ಗೊತ್ತುಮಾಡಿದ ಮೇಲೆ ಬದಲಿಸುವ ಅಭ್ಯಾಸವಿಲ್ಲ.

ಒಲೆಯ ಮೇಲೆ ಚಳಿಗಾಲದ ಕಾಫಿ ಕುದಿಯುತ್ತಿತ್ತು. ಅವ್ವನ ಕಾಲದಲ್ಲಿ ಅದಕ್ಕೆ ಬೆಲ್ಲದ ಪಾಕ, ಕೆನೆಹಾಲು, ಒಣಶುಂಠಿ, ಜಾಜಿಕಾಯಿ ಬೀಳುತ್ತಿದ್ದವು. ಕುಡಿಯುವುದು ತಂಬಿಗೆಯಂಥ ಲೋಟದಲ್ಲಿ. ನಾನು ಚಳಿ ಶುರುವಾದಾಗಿನಿಂದ ಅದನ್ನು ತಿದ್ದುತ್ತ ಬಂದಿದ್ದೆ. ಒಮ್ಮೆಲೇ ಬೆಲ್ಲ ಬಿಡಿಸಿದರೆ ಅಕ್ಕ ಲೋಟವನ್ನೇ ಮುಟ್ಟುತ್ತಿರಲಿಲ್ಲ. ವಾರವಾರವೂ ಚೂರು ಚೂರೇ ಇಳಿಸಿ, ಕೊನೆಗೆ ಇಲ್ಲವಾಗಿಸಿದೆ. ಹಾಲಿನ ಕೆನೆ ತೆಗೆದೆ. ಶುಂಠಿಯನ್ನು ಹುರಿದು ಕುಟ್ಟಿ, ಯಾಲಕ್ಕಿಯ ಜೊತೆ ದಾಲ್ಚಿನ್ನಿ ಸೇರಿಸಿದೆ. ದಾಲ್ಚಿನ್ನಿಯ ಘಮಕ್ಕೆ ನಾಲಿಗೆ ತುಸು ಮೋಸಹೋಗುತ್ತದೆ. ಲೋಟದ ಬದಲು ಸಣ್ಣ ಕಪ್ಪು ಬಂತು. ಅಕ್ಕ ಅದಕ್ಕೆ ಔಷಧ ಎಂದೇ ಹೆಸರಿಟ್ಟಿದ್ದಳು. ಬೈಯುತ್ತಲೇ ಕುಡಿಯುತ್ತಿದ್ದಳು.

ಕುಡಿಯಲೇಬೇಕಿತ್ತು. ಅಕ್ಕನಿಗೆ ಸಕ್ಕರೆ ಕಾಯಿಲೆ. ದೀಪಾವಳಿಯ ಹೊತ್ತಿಗೆ ಬಲಗಾಲಿನ ಹೆಬ್ಬೆರಳ ಕೆಳಗೆ ಹುಣ್ಣಾಗಿತ್ತು. ಸಕ್ಕರೆ ಹತೋಟಿಗೆ ಬಾರದಿದ್ದರೆ ಬೆರಳು ತೆಗೆಯಬೇಕಾಗುತ್ತದೆ, ಬೆರಳಿಗೇ ನಿಂತರೆ ಪುಣ್ಯ ಎಂದು ವೈದ್ಯರು ಹೇಳಿದ್ದರು. ಅಕ್ಕನಿಗೆ ಇದ್ದ ಆಸೆ ಒಂದೇ: ಮೊಮ್ಮಗಳ ಮೇಲೆ ಅಕ್ಷತೆ ಹಾಕುವಾಗ ತನ್ನ ಕಾಲ ಮೇಲೆ ತಾನು ನಿಂತಿರಬೇಕು.

ಹೊರಡುವ ಮೊದಲು ಅಕ್ಕನ ಕಾಲಿಗೆ ಕಟ್ಟಿದ್ದ ಪಟ್ಟಿ ಬದಲಿಸಿದೆ. ಹುಣ್ಣು ಒಣಗಿದಂತೆ ಕಂಡಿತು. ಆದರೆ ಮುಲಾಮಿನ ವಾಸನೆಯ ಅಡಿಯಲ್ಲಿ ಇನ್ನೊಂದು ವಾಸನೆ ಇತ್ತು. ಬಗ್ಗಿ ಮತ್ತೊಮ್ಮೆ ಮೂಸಿದೆ.

"ನೋವೈತೇನಕ್ಕಾ?"

"ಇಲ್ಲ. ಮೊದಲ ಚುಚ್ಚತಿತ್ತು, ಈಗ ಏನೂ ಇಲ್ಲ. ಮಾಯಾಕತ್ತೈತಿ ಬಿಡು. ನಾಯಿ ಹಂಗ ಮೂಸಬ್ಯಾಡ, ಹೊತ್ತಾತು."

ಔಷಧದ ಕಾಫಿಯನ್ನು ಫ್ಲಾಸ್ಕಿಗೆ ತುಂಬಿ ಚೀಲದಲ್ಲಿಟ್ಟುಕೊಂಡೆ.

ಹಾನಗಲ್ಲಿನ ಮೊದಲ ಮನೆಯಲ್ಲೇ ನನ್ನ ಲೆಕ್ಕ ತಪ್ಪಿತು. ಮದುವೆಗೆ ಕರೆಯಲು ಹೋದವರು ಬಾಯಿ ಸಿಹಿ ಮಾಡಿಕೊಳ್ಳದೆ ಎದ್ದರೆ ನಮ್ಮಲ್ಲಿ ಅದು ಅಪಶಕುನ. ಆ ಮನೆಯ ಹಿರಿಯಾಕೆ ಎಳ್ಳುಬೆಲ್ಲದ ಜೊತೆ ಹೊಗೆಯಾಡುವ ಕಾಫಿ ತಂದಿಟ್ಟರು.

"ಅಕ್ಕಗ ಬ್ಯಾಡ್ರಿ, ಸಕ್ಕರಿ ಐತಿ," ಎಂದೆ.

"ಗೊತ್ತೈತ್ರೀ ಯವ್ವಾ. ಅದಕ್ಕ ಬೆಲ್ಲ ಹಾಕೇನಿ. ನಮ್ಮ ಮನ್ಯಾಗ ಈಗ ಸಕ್ಕರಿ ಡಬ್ಬೀನ ಇಲ್ಲ. ಔಷಧ ಹೊಡೀಲಾರದ ಕಬ್ಬಿನ ಬೆಲ್ಲ, ಏನೂ ಆಗೂದಿಲ್ರಿ."

"ಸಕ್ಕರಿ, ಬೆಲ್ಲ ಎರಡೂ ಒಂದ ಕಬ್ಬಿನ ಮಕ್ಕಳಲ್ಲೇನ್ರಿ?"

ಅಕ್ಕ ನನ್ನ ಮೊಣಕೈ ತಿವಿದಳು. "ಏ ವಾರ್ಡನ್, ಇದು ನಿನ್ನ ಹಾಸ್ಟೆಲ್ ಅಲ್ಲ. ಲಗ್ನಕ್ಕ ಕರಿಯಾಕ ಬಂದು ಬಾಯಿ ಸಪ್ಪಗ ಮಾಡ್ಕೊಂಡು ಹೋಗೂದೇನು?" ಎಂದು ಪೂರ್ತಿ ಕುಡಿದು ಕಪ್ಪು ಕೆಳಗಿಟ್ಟಳು. ಅವರ ಮನೆಯಲ್ಲಿ ಕೂತು ನಮ್ಮ ಫ್ಲಾಸ್ಕು ತೆಗೆಯುವುದು ಅವರ ಮುಖಕ್ಕೆ ಹೊಡೆದಂತೆ. ಅದು ಚೀಲದಲ್ಲೇ ಉಳಿಯಿತು.

ಹಾನಗಲ್ಲಿನಲ್ಲೇ ಇನ್ನೂ ಎರಡು ಮನೆ ಮುಗಿಸಿ ಶಿಗ್ಗಾಂವಿಯ ದಾರಿ ಹಿಡಿದಾಗ ಅಕ್ಕ ನೀರಿನ ಬಾಟಲಿ ಖಾಲಿ ಮಾಡಿದ್ದಳು. ಮಗ ಇನ್ನೊಂದು ಕೊಂಡುಕೊಟ್ಟ. ಅದೂ ಬೇಗ ಮುಗಿಯಿತು. ಚಳಿಯ ಹೊತ್ತಿನಲ್ಲಿ ಅಷ್ಟು ದಾಹ ನನಗೆ ಸರಿ ಕಾಣಲಿಲ್ಲ. "ಗಾಡಿ ಮನಿಗೆ ತಿರುಗಿಸು," ಎಂದು ಅಕ್ಕನ ಮಗನಿಗೆ ಹೇಳಿದೆ.

"ಚಿಗವ್ವಾ, ನೀ ಹೇಳಿದರ ತಿರುಗಿಸ್ತೇನಿ. ಆದರ ಅವ್ವ ಇಲ್ಲೇ ಇಳದು ನಡಕೋಂತ ಹೋಗ್ತಾಳ."

"ಹೋಗ್ತೇನಿ ಮತ್ತ," ಎಂದಳು ಅಕ್ಕ. ಆಮೇಲೆ ಗಾಡಿ ನಿಲ್ಲಿಸಲು ಹೇಳಿ, ಜಾಲಿಗಿಡಗಳ ಮರೆಗೆ ಹೋಗಿಬಂದಳು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಮತ್ತೆ ನಿಲ್ಲಿಸಬೇಕಾಯಿತು.

ಶಿಗ್ಗಾಂವಿ ಕಡೆಯ ಹಿರೇಬೆಂಡಿಗೇರಿಯಲ್ಲಿ ಹೊಸ ಸೊಸೆ ಬಂದ ಮನೆ. ಆಕೆ ಕಾಫಿ ತಂದು ಹೆಮ್ಮೆಯಿಂದ ನಿಂತಳು. "ಒಂದ ಕಾಳು ಸಕ್ಕರಿ ಇಲ್ರಿ, ಬೆಲ್ಲಾನೂ ಇಲ್ಲ. ಖರ್ಜೂರ ರುಬ್ಬಿ ಹಾಕೇನಿ. ಮೊಬೈಲ್‌ನ್ಯಾಗ ನೋಡಿ ಕಲ್ತದ್ದು." ಪಾಪ, ಆ ಹುಡುಗಿ ಅಕ್ಕನ ಕಾಯಿಲೆ ಕೇಳಿ ತಿಳಿದು, ಬೆಳಿಗ್ಗೆಯೇ ಎದ್ದು ಅಕ್ಕನಿಗೆಂದೇ ಮಾಡಿದ್ದಳು. ಕಾಫಿ ಪಾಯಸದಷ್ಟು ಗಟ್ಟಿಯಾಗಿತ್ತು. ಅಕ್ಕ ಅವಳ ಗಲ್ಲ ಸವರಿ, "ನೋಡು, ಇಂಥಾ ಸೊಸಿ ಬೇಕು. ನಮ್ಮ ವಾರ್ಡನ್ ನನಗ ಕಷಾಯ ಕುಡಿಸಿ ಕೊಲ್ಲಾಕತ್ಯಾಳ," ಎಂದಳು. ಎಲ್ಲರೂ ನಕ್ಕರು. ಅಕ್ಕನ ತುಟಿ ಒಣಗಿ ಬಿಳಿಯಾಗಿತ್ತು.

ಸವಣೂರು ಕಡೆಯ ಹತ್ತಿಮತ್ತೂರು ಸೇರಿದಾಗ ಬಿಸಿಲು ಇಳಿಯುತ್ತಿತ್ತು. ಅಲ್ಲಿಯದು ಜೇನುತುಪ್ಪದ ಕಾಫಿ. ಆ ಹೊತ್ತಿಗೆ ಅಕ್ಕ ಮಾತು ಕಡಿಮೆ ಮಾಡಿದ್ದಳು. ಕಣ್ಣು ಜೋಲುತ್ತಿದ್ದವು. ಆದರೂ ಕಪ್ಪು ತೆಗೆದುಕೊಂಡಳು. ಮನೆಯಾಕೆ ಅರಿಶಿನ ಕುಂಕುಮದ ತಟ್ಟೆ ಹಿಡಿದು ಬರುತ್ತಿದ್ದವಳು ನಿಂತು ನೆಲ ನೋಡಿದಳು.

"ಅಯ್ಯ, ಕುಂಕುಮ ಎಲ್ಲಾ ಚೆಲ್ಲೇನಲ್ಲ!"

ಬಾಗಿಲಿನಿಂದ ಅಕ್ಕ ಕೂತಿದ್ದ ಚಾಪೆಯವರೆಗೆ ಕೆಂಪು ಗುರುತುಗಳು ಸಾಲಾಗಿದ್ದವು. ತಟ್ಟೆಯ ಕುಂಕುಮದ ಬಟ್ಟಲು ಮಾತ್ರ ತುಂಬಿಯೇ ಇತ್ತು. ನಾನು ಅಕ್ಕನ ಕಾಲು ಎತ್ತಿ ಹಿಡಿದೆ. ಪಟ್ಟಿ ನೆನೆದಿತ್ತು. ಅದನ್ನು ತೂರಿಕೊಂಡು ಒಂದು ಜಾಲಿಮುಳ್ಳು ಹುಣ್ಣಿನೊಳಗೇ ಇಳಿದಿತ್ತು. ದಾರಿಯಲ್ಲಿ ಇಳಿದಾಗ ಚಪ್ಪಲಿ ದಾಟಿ ಚುಚ್ಚಿದ್ದಿರಬೇಕು. ಅದರ ಮೇಲೆಯೇ ಅವಳು ಹಿರೇಬೆಂಡಿಗೇರಿಯಲ್ಲೂ ನಡೆದಿದ್ದಳು.

"ನೋವಾಗಲಿಲ್ಲೇನಕ್ಕಾ?"

"ಎಲ್ಲಿ? ಏನಾಗೇತಿ?" ಎಂದು ಅಕ್ಕ ಬಗ್ಗಿ ನೋಡಿದಳು. ನೋಡಿ, ಕಪ್ಪು ಕೆಳಗಿಟ್ಟಳು. ಅಂದು ಅವಳು ಪೂರ್ತಿ ಕುಡಿಯದೆ ಬಿಟ್ಟ ಕಪ್ಪು ಅದೊಂದೇ.

ಸವಣೂರಿನ ಆಸ್ಪತ್ರೆಯಲ್ಲಿ ಕೈಬೆರಳು ಚುಚ್ಚಿ ಸಕ್ಕರೆ ನೋಡಿದರು. ವೈದ್ಯರು ಆ ಪುಟ್ಟ ಯಂತ್ರವನ್ನು ಎರಡು ಸಲ ನೋಡಿ, ಮತ್ತೊಂದು ಬೆರಳು ಚುಚ್ಚಿಸಿದರು.

"ಬೆಳಗಿನಿಂದ ಏನ ತಗೊಂಡೀರಿ?"

"ಏನಿಲ್ರಿ," ಎಂದಳು ಅಕ್ಕ. "ಬರೇ ಕಾಫಿರಿ. ಸಕ್ಕರಿ ಇಲ್ಲದ್ದು."

ವೈದ್ಯರು ನನ್ನ ಮುಖ ನೋಡಿದರು. ನಾನು ಬೆಲ್ಲ, ಖರ್ಜೂರ, ಜೇನುತುಪ್ಪ, ಎಳ್ಳುಬೆಲ್ಲ ಎಲ್ಲವನ್ನೂ ಹೇಳಿದೆ. ಅವರು ಪಟ್ಟಿ ಬಿಚ್ಚಿದಾಗ ಬೆಳಗಿನ ಆ ಇನ್ನೊಂದು ವಾಸನೆ ಇಡೀ ಕೋಣೆಗೆ ಹರಡಿತು. ಹೆಬ್ಬೆರಳು ಬೂದುಬಣ್ಣಕ್ಕೆ ತಿರುಗಿತ್ತು. ಹೊರಗೆ ಕರೆದು ಹೇಳಿದರು: ನೋವು ಹೋದದ್ದು ಮಾಯುತ್ತಿರುವುದಕ್ಕಲ್ಲ, ಕಾಲಿನ ನರ ಸತ್ತದ್ದಕ್ಕೆ. ರಾತ್ರಿ ಸಕ್ಕರೆ ಇಳಿಸುತ್ತೇವೆ. ಬೆರಳೋ ಪಾದವೋ, ಬೆಳಿಗ್ಗೆ ಶಸ್ತ್ರವೈದ್ಯರು ಬಂದು ಹೇಳುತ್ತಾರೆ. ಅಲ್ಲಿಯವರೆಗೆ ಬಾಯಿಗೆ ಏನೂ ಕೊಡಬೇಡಿ.

ಅಕ್ಕನ ಮಗ ಹಾಸಿಗೆ ಬಟ್ಟೆ ತರಲು ಅಕ್ಕಿಆಲೂರಿಗೆ ಹೊರಟ. ಹಿರೇಕೆರೂರಿನ ಪತ್ರಿಕೆಗಳು ಗಾಡಿಯ ಹಿಂದಿನ ಸೀಟಿನಲ್ಲೇ ಇದ್ದವು. ಅವುಗಳನ್ನು ಇಳಿಸಬೇಕೇ ಎಂದು ಕೇಳಿದ.

ಒಳಗೆ ಬಂದಾಗ ಅಕ್ಕ ಕಣ್ಣು ಬಿಟ್ಟಿದ್ದಳು. ಕೈಗೆ ಸಲೈನು ಹಚ್ಚಿದ್ದರು.

"ವಾರ್ಡನ್, ಬಾಯಿ ಒಣಗೇತಿ. ಆ ನಿನ್ನ ಔಷಧ ಐತಲ್ಲ, ಈಗರ ಕೊಡು. ಸಪ್ಪಂದಿದ್ದರೂ ಕುಡಿತೇನಿ."

"ಈಗ ಕೊಡಾಕ ಬರೂದಿಲ್ಲಕ್ಕಾ."

"ದಿನಾ ಗಂಟಲಿಗೆ ಸುರವಾಕಿ, ಇವತ್ತ ಬ್ಯಾಡಂತಿ," ಎಂದು ಗೋಡೆಯ ಕಡೆ ಮುಖ ತಿರುಗಿಸಿದಳು.

ದೀಪ ಹಚ್ಚುವ ಹೊತ್ತಾಗಿತ್ತು. ಫ್ಲಾಸ್ಕನ್ನು ಹೊರಗಿನ ನಲ್ಲಿಗೆ ಒಯ್ದೆ. ಬೆಳಿಗ್ಗೆ ತುಂಬಿದಷ್ಟೂ ಹಾಗೇ ಇತ್ತು. ಮುಚ್ಚಳ ತೆಗೆದಾಗ ಶುಂಠಿ, ದಾಲ್ಚಿನ್ನಿ ಇನ್ನೂ ಘಮ್ಮೆಂದವು. ಎಲ್ಲವನ್ನೂ ಮೋರಿಗೆ ಚೆಲ್ಲಿದೆ. ಫ್ಲಾಸ್ಕನ್ನು ಒಳಗೂ ಹೊರಗೂ ತೊಳೆದು, ನೀರು ಬಸಿಯಲೆಂದು ಅಕ್ಕನ ಮಂಚದ ಪಕ್ಕದ ಕಿಟಕಿಯಲ್ಲಿ ಬೋರಲು ಹಾಕಿದೆ.