ಹಸೀನಾಬೀ ಮತ್ತು ಗಟಾರದ ಸಾಕ್ಷಿ

ಗೊರೇಬಾಳದಲ್ಲಿ ನಮ್ಮ ಓಣಿಯ ತುದಿಗೆ ಇರುವುದು ಎರಡೇ ಮನೆ. ಒಂದು ನನ್ನದು, ಇನ್ನೊಂದು ಹಸೀನಾಬೀಯದು. ಎರಡೂ ಮನೆಯ ಬಚ್ಚಲ ನೀರು ಒಂದೇ ಗಟಾರಕ್ಕೆ ಬಿದ್ದು, ಹಿಂದಿನ ಕಾಲುವೆ ಸೇರುತ್ತದೆ. ನಮ್ಮ ಮನೆ ಮಾತು ಹೊರಗೆ ಹೋಗುವುದಿದ್ದರೆ ಗೋಡೆಯಿಂದ ಹೋದೀತು ಎಂದು ನಾನು ತಿಳಿದಿದ್ದೆ. ಗಟಾರದ ಮೇಲೆ ನನಗೆ ಅನುಮಾನವೇ ಇರಲಿಲ್ಲ.

ಹಸೀನಾಬೀ ಮಸ್ಕಿಯ ಹೆಣ್ಣು. ಇಪ್ಪತ್ತಾರು ವರ್ಷ ಅಂಗನವಾಡಿ ಸಹಾಯಕಿಯಾಗಿದ್ದಳು. ಜಂತುಹುಳದ ಗುಳಿಗೆ ಕೊಡುವ ದಿನ ಒಂದು ಕೂಸೂ ಇವಳಿಗೆ ಮೋಸ ಮಾಡಿದ್ದಿಲ್ಲ. ಸುಳ್ಳು ಕಂಡರೆ ಉರಿದುಬೀಳುತ್ತಾಳೆ. ಹಟ್ಟಿ ಊರಿನಲ್ಲಿ ತಂಗಿಯ ಮಗಳನ್ನು ನೋಡಲು ಗಂಡಿನ ಕಡೆಯವರು ಬಂದಾಗ, "ನಮ್ಮ ಹುಡುಗಿಗೆ ಅಡಿಗಿ ಎಲ್ಲಾ ಬರ್ತದ" ಎಂದು ತಂಗಿ ಹೇಳಿದಳಂತೆ. ಇವಳು ಪಕ್ಕದಲ್ಲೇ ಕೂತು, "ಚಾ ಬರ್ತದ, ಅಷ್ಟ" ಎಂದು ತಿದ್ದಿದಳು. ಮದುವೆಯೇನೋ ಆಯಿತು. ತಂಗಿ ಮಾತ್ರ ಎರಡು ವರ್ಷ ಮಾತು ಬಿಟ್ಟಿದ್ದಳು.

ಹೋದ ವರ್ಷ ರಾಯಚೂರಿನಿಂದ ವಿಜಯಶ್ರೀ ಎಂಬ ಹುಡುಗಿ ಒಂದು ಪೆಟ್ಟಿಗೆ ತುಂಬ ಬಾಟಲಿ ತಂದಳು. ನಾವು ನುಂಗಿದ ಗುಳಿಗೆ ಪೂರ್ತಿ ಮೈಯಲ್ಲೇ ಉಳಿಯುವುದಿಲ್ಲವಂತೆ. ಒಂದಿಷ್ಟು ಮೂತ್ರದ ಜೊತೆ ಹೊರಬಿದ್ದು ಗಟಾರ, ಕಾಲುವೆ, ಭತ್ತದ ಗದ್ದೆ ಸೇರುತ್ತದಂತೆ. ಅದರಿಂದ ಮೀನಿಗೆ, ಕಪ್ಪೆಗೆ ಎಷ್ಟು ಅಪಾಯ ಎಂದು ಅಳೆಯುವುದು ಅವಳ ಕೆಲಸ. ಯಾವ ಮನೆಯಲ್ಲಿ ಯಾರು ಏನು ನುಂಗುತ್ತಾರೆ ಎಂದು ಮೊದಲು ಬರೆದುಕೊಳ್ಳಬೇಕು. ಅದರ ಪ್ರಕಾರ ನೀರಿನಲ್ಲಿ ಇಷ್ಟು ಔಷಧ ಸಿಗಬೇಕು ಎಂದು ಲೆಕ್ಕ ಕಟ್ಟಬೇಕು. ಆಮೇಲೆ ಗಟಾರದ ನೀರನ್ನು ಪರೀಕ್ಷಿಸಿ ತಾಳೆ ನೋಡಬೇಕು. ಬರೆಯುವ ಕೆಲಸಕ್ಕೆ ಊರವರೆಲ್ಲ ಹಸೀನಾಬೀಯನ್ನೇ ತೋರಿಸಿದರು.

ನನ್ನ ಮನೆಗೆ ಬಂದಾಗ ನಾನು, "ನನಗ್ಯಾವ ಗುಳಿಗಿನೂ ಇಲ್ಲವ್ವ, ಯೋಗಾ ಮಾಡ್ತೀನಿ" ಎಂದೆ.

"ಮಂಡಿ ನೋವಿಂದು, ದಿನಕ್ಕ ಎರಡು," ಎಂದು ಅವಳು ಬರೆದೇಬಿಟ್ಟಳು. "ನಿಮ್ಮ ಕಸದ ಬುಟ್ಟ್ಯಾಗ ನೋಡೀನ್ರೀ ಜಂಬಣ್ಣೋರ."

ತನ್ನ ಮನೆಯದನ್ನೂ ಬರೆದಳು. ಗಂಡ ಜಂಗ್ಲಿಸಾಬ್ ಗಾದಿ, ದಿಂಬು ಹೊಲಿಯುವವನು, ಅರವತ್ತೊಂದು ವರ್ಷ. ಶುಗರಿನ ಗುಳಿಗೆ ದಿನಕ್ಕೆ ಎರಡು. ವರ್ಷದಿಂದ ತಾನೇ ಕೈಯಾರೆ ಕೊಡುತ್ತಿದ್ದುದರಿಂದ ಅವನನ್ನು ಕೇಳುವ ಗೋಜಿಗೂ ಹೋಗಲಿಲ್ಲ.

ತಿಂಗಳಾದ ಮೇಲೆ ವಿಜಯಶ್ರೀ ಮುಖ ಸಣ್ಣದು ಮಾಡಿಕೊಂಡು ಬಂದಳು. ಊರಿನ ಉಳಿದ ಗಟಾರಗಳೆಲ್ಲ ಹಸೀನಾಬೀಯ ನೋಟ್‌ಬುಕ್ಕಿಗೆ ಹೊಂದಿದ್ದವು. ನಮ್ಮದು ಹೊಂದಿರಲಿಲ್ಲ. ನನ್ನ ಮಂಡಿಯ ಗುಳಿಗೆ ನೀರಿನಲ್ಲಿ ಚೊಕ್ಕವಾಗಿ ಸಿಕ್ಕಿತ್ತು. ನನ್ನ ಯೋಗದ ಮಾನ ಅಲ್ಲಿಗೆ ಕಾಲುವೆ ಪಾಲಾಯಿತು. ಶುಗರಿನ ಗುಳಿಗೆ ಮಾತ್ರ ಹೆಸರಿಗೂ ಇರಲಿಲ್ಲ.

"ಎರಡು ಸಲ ನೋಡೀವ್ರೀ. ಬರಿಯೋದ್ರಾಗ ಏನರ ತಪ್ಪಾಗೇತೇನ್ರೀ? ನಿಮ್ಮನಿದ ತಾಳೆ ಆಗದಿದ್ರ, ಪೂರಾ ನೋಟ್‌ಬುಕ್ ಬಿಡಬೇಕಾಗ್ತದ," ಎಂದಳು ಹುಡುಗಿ.

"ನಾ ಸುಳ್ಳು ಬರದೀನಂತೀರೇನು?"

"ಹಂಗಲ್ರೀ. ಆದ್ರ ನೀರು ಸುಳ್ಳು ಹೇಳಂಗಿಲ್ರೀ."

ಹಸೀನಾಬೀ ಅವತ್ತು ಉಣ್ಣಲಿಲ್ಲ. ಊರಿನ ಸುಳ್ಳನ್ನೆಲ್ಲ ಹಿಡಿದವಳ ಮಾತು ಈಗ ಒಂದು ಗಟಾರದ ಮುಂದೆ ಹಗುರಾಗಿತ್ತು. ಸಂಜೆ ನಮ್ಮ ಕಟ್ಟೆಗೆ ಬಂದು ಕೂತಳು.

"ಜಂಬಣ್ಣೋರ, ನಿಮ್ಮ ಗುಳಿಗಿ ಸಿಕ್ಕೇತಿ. ಅಂದ್ರ ಗಟಾರ ಬರೊಬ್ಬರಿ ಐತಿ. ನಾನೂ ಬರೊಬ್ಬರಿ ಅದೀನಿ. ಇನ್ನ ಉಳದಾವ್ರು ಒಬ್ಬರ."

ಆ ಒಬ್ಬರು ಎದುರಿನ ಛಪ್ಪರದಡಿ, ದಿಂಬಿಗೆ ಒರಗಿ, ಸೂಜಿಗೆ ದಾರ ಪೋಣಿಸುತ್ತಿದ್ದರು.

ಮರುದಿನ ಬೆಳಿಗ್ಗೆ ನಾನು ಬೇಕೆಂದೇ ಗೋಡೆಯ ಹತ್ತಿರ ಚಹಾ ಕುಡಿಯುತ್ತ ನಿಂತೆ. ಹಸೀನಾಬೀ ಗುಳಿಗೆ ಕೊಟ್ಟಳು, ನೀರು ಕೊಟ್ಟಳು. ಜಂಗ್ಲಿಸಾಬ್ ಕತ್ತೆತ್ತಿ ಗಟಗಟ ಕುಡಿದು, ಮೀಸೆ ಒರೆಸಿಕೊಂಡ. ಅಷ್ಟು ಚಂದ ನುಂಗುವವರನ್ನು ನಾನು ನೋಡಿರಲಿಲ್ಲ.

"ಬಾಯಿ ತಗೀರಿ," ಎಂದಳು.

"ಯಾಕ?"

"ತಗೀರಿ. ಆ ಅನ್ರಿ. ನಾಲಿಗಿ ಮ್ಯಾಲೆತ್ರಿ."

ನಾಲಿಗೆಯ ಕೆಳಗೆ ಏನೂ ಇರಲಿಲ್ಲ. ಆದರೆ ಅಂಗನವಾಡಿಯ ಕೈ ಅಷ್ಟಕ್ಕೇ ಬಿಡುವಂಥದ್ದಲ್ಲ. ಬಲಗಡೆಯ ದವಡೆಗೆ ಬೆರಳು ಹಾಕಿ, ನೆನೆದ ಗುಳಿಗೆಯನ್ನು ಹೊರಗೆ ಎಳೆದಳು.

"ಉಳದವೆಲ್ಲಿ?"

ಅವನ ಕಣ್ಣು ತಪ್ಪಿ ದಿಂಬಿನ ಕಡೆ ಹೋಯಿತು. ಅವನದೇ ಕತ್ತರಿಯಿಂದ ಅವಳು ಹೊಲಿಗೆ ಬಿಚ್ಚಿದಳು. ಹತ್ತಿಯ ಜೊತೆ ಬಿಳಿ ಗುಳಿಗೆಗಳು ಬಳಬಳ ಉದುರಿದವು. ಸೇರಿನಲ್ಲಿ ಅಳೆಯುವಷ್ಟು ಇದ್ದವು. ವರ್ಷಪೂರ್ತಿ ಈ ಮನುಷ್ಯ ತನ್ನ ಔಷಧದ ಮೇಲೆ ಒರಗಿಕೊಂಡೇ ಗಾದಿ ಹೊಲಿದಿದ್ದ!

ಮೊದಲು ದಖನಿಯಲ್ಲಿ ಜಗಳ ಹತ್ತಿತು. ಆಮೇಲೆ ನಾನು ನಿಂತಿದ್ದೇನೆ ಎಂದು ಕಂಡು, ನನಗೂ ತಿಳಿಯಲಿ ಎಂಬಂತೆ ಇಬ್ಬರೂ ಕನ್ನಡಕ್ಕೆ ಬಂದರು.

"ನಮ್ಮಣ್ಣ ಗುಳಿಗಿ ಚಾಲೂ ಮಾಡಿದ ವರ್ಷನ ಹ್ವಾದ," ಎಂದ ಜಂಗ್ಲಿಸಾಬ್. "ನಾ ನುಂಗಿದ್ರ ನನಗ ಬ್ಯಾನಿ ಐತಿ ಅಂತ ಒಪ್ಪಿಕೊಂಡಂಗ. ನುಂಗದಿದ್ರ ನಾ ಗಟ್ಟಿ ಅದೀನಿ."

ಮೂವತ್ತೆಂಟು ವರ್ಷ ಗಂಡನಿಗೆ "ನೀವು" ಎಂದವಳು ಅವತ್ತು ಏಕವಚನಕ್ಕೆ ಇಳಿದಳು. "ಗುಳಿಗಿ ನುಂಗಿ ಸತ್ರ ನಾ ಡಾಕ್ಟರನ ಹಿಡದು ಕೇಳ್ತೀನಿ. ನುಂಗದ ಸತ್ರ ಯಾರನ್ನ ಕೇಳ್ಲಿ ನಾನು? ವರ್ಷ ಪೂರಾ ನಿಶ್ಚಿಂತಿಲೆ ಮಲಗೀನಲ್ಲೋ, ನೀ ಗುಳಿಗಿ ತಗೊಂಡೀಯಂತ!"

ಹೇಳುತ್ತ ಅಳು ಬಂತು. ಹತ್ತಿಯ ರಾಶಿಯಲ್ಲೇ ಕುಸಿದು ಕೂತಳು. ನಾನು ಚಹಾದ ಲೋಟ ಗೋಡೆಯ ಮೇಲಿಟ್ಟೆ.

ವಿಜಯಶ್ರೀ ಬಂದು ಗುಳಿಗೆಗಳನ್ನೆಲ್ಲ ಚೀಲಕ್ಕೆ ತುಂಬಿಕೊಂಡಳು. "ಪುಣ್ಯಾಕ ಕಾಲುವಿಗೆ ಒಗದಿಲ್ಲ ಕಾಕಾ ನೀವು," ಎಂದಳು. ಜಂಗ್ಲಿಸಾಬ್ ಇದನ್ನು ಹೊಗಳಿಕೆ ಎಂದು ತಿಳಿದು ಎರಡು ದಿನ ಊರಲ್ಲಿ ಹೇಳಿಕೊಂಡು ತಿರುಗಿದ.

ಹಸೀನಾಬೀಯ ನೋಟ್‌ಬುಕ್ಕಿಗೆ ಮಾನ ಮರಳಿ ಬಂತು. ಅವಳಿಗೆ ಮಾತ್ರ ನೆಮ್ಮದಿ ಬರಲಿಲ್ಲ. ದಿನಾ ಬಾಯಿ ತೆಗೆಸಿ ನೋಡಿದರೂ, ಆಮೇಲೆ ಹಿತ್ತಲಿಗೆ ಹೋಗಿ ಉಗುಳಿದರೆ? ವರ್ಷ ಮೋಸ ಮಾಡಿದವನನ್ನು ಹೇಗೆ ನಂಬುವುದು? "ಮುಂದಿನ ಸಲದ ನೀರು ಯಾವಾಗ ತಗೋತಾರ್ರೀ?" ಎಂದು ನನ್ನನ್ನು ವಾರಕ್ಕೆರಡು ಸಲ ಕೇಳುತ್ತಿದ್ದಳು.

ಎರಡು ತಿಂಗಳಾದ ಮೇಲೆ ವಿಜಯಶ್ರೀ ಊರಿನ ನಕ್ಷೆ ತಂದಳು. ಅದನ್ನು ನಮ್ಮ ಕಟ್ಟೆಯ ಮೇಲೆ ಹಾಸಿ, ನಮ್ಮ ಓಣಿಯ ತುದಿಗೆ ಬೆರಳಿಟ್ಟಳು. ಅಲ್ಲೊಂದು ಕೆಂಪು ಚುಕ್ಕೆ ಇತ್ತು.

"ಬೇಜಾರಾಗಬ್ಯಾಡ್ರೀ ಹಸೀನಾಬೀ. ಶುಗರಿನ ಗುಳಿಗಿ ನಿಮ್ಮ ಗಟಾರದಾಗ ಈ ಸಲ ಭಾಳ ಬಂದೇತಿ. ಇದು ಮೀನಿಗೆ, ಕಪ್ಪಿಗೆ ಅಪಾಯದ ಗುರುತು."

ಹಸೀನಾಬೀ ಆ ಚುಕ್ಕೆಯನ್ನು ಬೆರಳಿನಿಂದ ಮೆಲ್ಲಗೆ ಸವರಿದಳು. ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳೋ ಅಳುತ್ತಿದ್ದಳೋ ನನಗೆ ತಿಳಿಯಲಿಲ್ಲ.

"ನುಂಗ್ಯಾರ್ರೀ ಜಂಬಣ್ಣೋರ," ಎಂದಳು. "ಖರೇನ ನುಂಗ್ಯಾರ."